ಎಣ್ಣೆ ಹಂಡೆಯ ಮುನಿಸು

ಗದಗ-ಬೆಟಗೇರಿಯ ಊರ ಬಸ್ಸುಗಳು ಕರಿದ ಎಣ್ಣೆಯ ಮೇಲೆ ಓಡತೊಡಗಿದ ಮೇಲೆ ಅಲ್ಲಿಯ ಜನಕ್ಕೆ ಬಜ್ಜಿ ತಿನ್ನಲು ಒಂದು ಘನವಾದ ಕಾರಣ ಸಿಕ್ಕಿತು. ಅದಕ್ಕೆ ಮೊದಲು ಕಾರಣವಿಲ್ಲದೆಯೇ ತಿನ್ನುತ್ತಿದ್ದರು, ಅದು ಬೇರೆ ಮಾತು. ಡಾಕ್ಟರು "ಎಣ್ಣೆ ಕಡಿಮೆ ಮಾಡಿ" ಎಂದಾಗ ತಲೆ ತಗ್ಗಿಸಿ ಕೂರುತ್ತಿದ್ದವರು ಈಗ ತಲೆ ಎತ್ತಿ ಮಾತಾಡುತ್ತಿದ್ದರು.

"ನಾವು ತಿನ್ನೂದು ಬಿಟ್ರ ಬಸ್ ನಿಂದರತಾವ್ರೀ ಡಾಕ್ಟರ."

ಡಾಕ್ಟರೂ ಮನೆಗೆ ಹೋಗುವುದು ಅದೇ ಬಸ್ಸಿನಲ್ಲಿ. ಅವರು ಔಷಧಿ ಬರೆದುಕೊಟ್ಟು ಮುಂದಿನವರನ್ನು ಕರೆಯುತ್ತಿದ್ದರು.

ಡೀಸೆಲ್ ಎಂಬುದು ಆಸ್ಪತ್ರೆಯ ಗಾಡಿಗೂ ಬೆಂಕಿ ಆರಿಸುವ ಗಾಡಿಗೂ ಮಾತ್ರ ಸಿಗುತ್ತಿದ್ದ ಕಾಲ ಅದು. ದೊಡ್ಡ ಊರುಗಳು ಕರೆಂಟಿನ ಬಸ್ಸು ಕೊಂಡುಕೊಂಡವು. ತಮ್ಮ ಹಳೆಯ ಬಸ್ಸುಗಳನ್ನು ಸಣ್ಣ ಊರುಗಳಿಗೆ ದಾನ ಮಾಡಿದವು. ದಾನದ ಬಸ್ಸು ಬಂತು, ಅದರ ಹೊಟ್ಟೆಗೆ ಏನು ಹಾಕಬೇಕೆಂದು ಯಾರೂ ಹೇಳಲಿಲ್ಲ. ಆಗ ಬಂದದ್ದೇ ಹಂಡೆ.

ಜೀವ ಇಂಧನ ನಿಗಮದವರು ಅದಕ್ಕೆ ಒಂದು ಉದ್ದನೆಯ ಹೆಸರಿಟ್ಟಿದ್ದರು. ಬೆಟಗೇರಿಯ ಹಳೆಯ ಹತ್ತಿ ಗಿರಣಿಯ ಅಂಗಳದಲ್ಲಿ ಅದನ್ನು ನಿಲ್ಲಿಸಿದ ದಿನ ಜನ ಬಂದು ನೋಡಿದರು. ಎರಡಾಳೆತ್ತರ, ಉಕ್ಕಿನ ಮೈ, ಗುಂಡಗಿನ ಹೊಟ್ಟೆ, ಮೇಲೆ ಬಾಯಿ. ನೀರು ಕಾಸುವ ಹಂಡೆಯ ಹಾಗೇ ಇದೆಯಲ್ಲ ಎಂದರು. ಅಂದಿನಿಂದ ಅದು ಹಂಡೆಯಾಯಿತು.

ಹಂಡೆಯೊಳಗೆ ಇದ್ದವು ಹುಳಗಳು. ಕಣ್ಣಿಗೆ ಕಾಣದಂಥವು. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಮೊಸರಾಗುತ್ತದಲ್ಲ, ಆ ಹೆಪ್ಪಿನೊಳಗೆ ಇರುವಂಥವೇ, ಆದರೆ ಪ್ರಯೋಗಾಲಯದಲ್ಲಿ ಪಳಗಿಸಿದವು. ಹಿಂದೆ ಕರಿದ ಎಣ್ಣೆಯನ್ನು ಗಾಡಿಗೆ ಹಾಕಬೇಕೆಂದರೆ ಅದಕ್ಕೆ ಸ್ಪಿರಿಟ್ ಬೆರೆಸಿ, ಕಾಸ್ಟಿಕ್ ಸೋಡಾ ಬೆರೆಸಿ, ಕಾಸಿ, ತಳಕ್ಕೆ ಇಳಿದ ಜಿಗುಟು ಬೇರೆ ಮಾಡಿ, ತೊಳೆದು ಒಣಗಿಸಿ ಸಾಕಾಗುತ್ತಿತ್ತು. ಈಗ ಆ ಕೆಲಸವೆಲ್ಲ ಹುಳಗಳದು. ಹಸಿ ಎಣ್ಣೆಯನ್ನು ಅವು ಮೂಸಿಯೂ ನೋಡುವುದಿಲ್ಲ. ಬಾಣಲೆಯಲ್ಲಿ ಒಮ್ಮೆ ಕಾದು, ಕರಿದು, ಅರ್ಧ ಮುರಿದುಬಿದ್ದ ಎಣ್ಣೆ ಮಾತ್ರ ಅವಕ್ಕೆ ರುಚಿ. ಬೆಳಿಗ್ಗೆ ಸುರಿದ ಎಣ್ಣೆ ಸಂಜೆಗೆ ಬಸ್ಸಿನ ಇಂಧನವಾಗಿ ಕೆಳಗಿನ ನಳದಲ್ಲಿ ಬರುತ್ತಿತ್ತು.

ಮನೆಯವರ ಕೆಲಸ ಇಷ್ಟೇ. ಕರಿದ ಎಣ್ಣೆಯನ್ನು ತೆಳ್ಳಗಿನ ಬಟ್ಟೆಯಲ್ಲಿ ಸೋಸಬೇಕು, ಸುಟ್ಟ ಹಿಟ್ಟಿನ ಚೂರು ಉಳಿಯಬಾರದು. ಚಟಪಟ ಸದ್ದು ನಿಲ್ಲುವವರೆಗೆ ಕಾಸಬೇಕು, ನೀರಿನ ಪಸೆ ಹೋಗಬೇಕು. ಆರಿಸಿ ಕೊಡಬೇಕು. ಇದನ್ನು ಓಣಿ ಓಣಿ ಸುತ್ತಿ ಕಲಿಸಿಕೊಟ್ಟವಳು ಹಂಡೆಯ ಮುಖ್ಯಸ್ಥೆ ದಾಕ್ಷಾಯಣಿ ಅಸುಂಡಿ. ಜೀವಾಣುಗಳ ಮೇಲೆ ಡಾಕ್ಟರೇಟ್ ಮಾಡಿದವಳು, ಗದಗಿನ ಮಗಳು, ಬೆಟಗೇರಿಯ ಸೊಸೆ.

ಹಂಡೆ ಚೆನ್ನಾಗಿದ್ದಾಗ ಗುಡುಗುಡು ಸದ್ದು ಮಾಡುತ್ತಿತ್ತು. ಬಜ್ಜಿ ಅಂಗಡಿಯ ಮುಂದೆ ನಿಂತಂಥ ವಾಸನೆ ಬರುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಗುದ್ನೆಪ್ಪ ದಿನವೂ ಬೆಳಿಗ್ಗೆ ಹಂಡೆಗೆ ಕಿವಿ ಹಚ್ಚಿ, "ಎದ್ದಾರ್ರೀ ಮೇಡಂ, ಮಂದಿ ಎದ್ದಾರ" ಎಂದು ವರದಿ ಕೊಡುತ್ತಿದ್ದ.

ಎಲ್ಲ ಸುಸೂತ್ರವಾಗಿ ನಡೆದಿದ್ದಾಗ ದಾಕ್ಷಾಯಣಿಗೆ ಒಂದು ಒಳ್ಳೆಯ ವಿಚಾರ ಹೊಳೆಯಿತು.

ಆಗ ಎಣ್ಣೆ ಕೂಡಿಸುವ ಗಾಡಿ ಮನೆ ಮುಂದೆ ಬಂದರೆ ಹೆಂಗಸರು ತಮ್ಮ ತಪೇಲಿ ಹಿಡಿದು ಹೊರಬಂದು ಗುದ್ನೆಪ್ಪನ ಪೀಪಾಯಿಗೆ ಸುರಿಯುತ್ತಿದ್ದರು. ಪೀಪಾಯಿಗೆ ಬೀಳುವುದರಲ್ಲಿ ಒಂದಿಷ್ಟು ರಸ್ತೆಗೆ ಬೀಳುತ್ತಿತ್ತು. ಇರುವೆ ಸಾಲು ಹಚ್ಚುತ್ತಿದ್ದವು, ಶಾಲೆಗೆ ಹೋಗುವ ಮಾಸ್ತರರು ಜಾರಿ ಬೀಳುತ್ತಿದ್ದರು. ದಾಕ್ಷಾಯಣಿ ನಿಗಮದಿಂದ ನೀಲಿ ಬಣ್ಣದ ಡಬ್ಬಿ ತರಿಸಿದಳು. ಮನೆಗೊಂದು ಡಬ್ಬಿ. ತುಂಬಿದ ಡಬ್ಬಿ ಕೊಡುವುದು, ತೊಳೆದ ಬೇರೆ ಡಬ್ಬಿ ತೆಗೆದುಕೊಳ್ಳುವುದು. ಹಂಡೆಯ ಹತ್ತಿರ ಡಬ್ಬಿಗಳನ್ನು ಬಗ್ಗಿಸಿ, ಬಿಸಿನೀರಿನಿಂದ ಗಲಬರಿಸಿ, ಆರಿದ ಮೇಲೆ ಆ ನೀರನ್ನೂ ಹಂಡೆಗೇ ಹಾಕುವುದು, ಒಂದು ಹನಿಯೂ ಹಾಳಾಗಬಾರದು. ಅಷ್ಟು ನೀರನ್ನು ಹಂಡೆಯೇ ಕೆಳಗಿನ ಕೊಳವೆಯಿಂದ ಹೊರಹಾಕುತ್ತಿತ್ತು. ರಸ್ತೆ ಸ್ವಚ್ಛವಾಯಿತು, ಮಾಸ್ತರರು ನೆಟ್ಟಗೆ ನಡೆದರು, ನಿಗಮದವರು ಸಭೆ ಕರೆದು ಶಾಲು ಹೊದಿಸಿದರು.

ಶಾಲಿನ ಮಡಿಕೆ ಮಾಸುವ ಮೊದಲೇ ಹಂಡೆ ಮುನಿಸಿಕೊಂಡಿತು.

ಮೊದಲು ಗುಡುಗುಡು ಕಡಿಮೆಯಾಯಿತು. ಆಮೇಲೆ ನಳದಲ್ಲಿ ಬರುವ ಇಂಧನ ಕಡಿಮೆಯಾಯಿತು. ಕೊನೆಗೆ ಬೆಳಿಗ್ಗೆ ಸುರಿದ ಎಣ್ಣೆ ಸಂಜೆಗೆ ಎಣ್ಣೆಯಾಗಿಯೇ ನಿಂತಿರುತ್ತಿತ್ತು. ಹಚ್ಚಿ ಹಚ್ಚಿ ಗುದ್ನೆಪ್ಪನ ಕಿವಿಗೆ ಉಕ್ಕಿನ ತಂಪು ಹತ್ತಿತು.

"ಸತ್ತಾವೇನೋ ಗುದ್ನೆಪ್ಪಾ?"

"ಸತ್ತಿಲ್ರೀ ಮೇಡಂ. ಉಂಡು ಮಕ್ಕೊಂಡಂಗ ಅದಾವ. ಬೀಗರ ಮನ್ಯಾಗ ಹೋಳಿಗಿ ಉಂಡವರು ಮಕ್ಕೊಂತಾರಲ್ಲ, ಹಂಗ."

ದಾಕ್ಷಾಯಣಿ ಒಂದು ತೊಟ್ಟು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಅವನ ಮಾತು ನಿಜವಿತ್ತು. ಹುಳಗಳು ಸತ್ತಿರಲಿಲ್ಲ. ಮೊದಲಿಗಿಂತ ದುಂಡಗಾಗಿದ್ದವು. ಸಂಖ್ಯೆಯೂ ಹೆಚ್ಚಾಗಿತ್ತು. ಮೈ ತುಂಬಿಕೊಂಡು, ಕೆಲಸ ಮಾಡದೆ, ಸುಖವಾಗಿದ್ದವು. ಏನನ್ನು ತಿಂದು ದುಂಡಗಾದವು ಎಂಬುದು ಮಾತ್ರ ತಿಳಿಯಲಿಲ್ಲ.

ಅವಳು ಎಲ್ಲವನ್ನೂ ಅನುಮಾನಿಸಿದಳು. ಡಬ್ಬಿಗಳಿಂದ ಎಣ್ಣೆ ತೆಗೆದು ಪರೀಕ್ಷೆ ಮಾಡಿದಳು. ನೀರಿಲ್ಲ, ಸೋಪಿಲ್ಲ, ಹಸಿ ಎಣ್ಣೆಯ ಬೆರಕೆಯಿಲ್ಲ. ಎಣ್ಣೆ ಕನ್ನಡಿಯ ಹಾಗಿತ್ತು. ಥಂಡಿಗೆ ಹೀಗಾಗಿರಬಹುದು ಎಂದು ಬಿಸಿ ಹೆಚ್ಚಿಸಿದಳು. ಈ ಸುದ್ದಿ ಊರಲ್ಲಿ ಹಬ್ಬಿ, ನೇಕಾರ ಓಣಿಯ ಹೆಂಗಸರು ಹಳೆಯ ಸೀರೆಗಳನ್ನು ಹೊಲಿದು ಹಂಡೆಗೆ ಒಂದು ಕೌದಿ ತಂದು ಹೊದಿಸಿದರು. ಇನ್ನು ಯಾರೋ ಬಂದು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಹಂಡೆ ಕೌದಿ ಹೊದ್ದು ಇನ್ನೂ ಚೆನ್ನಾಗಿ ಮಲಗಿತು. ಅದರ ಬಾಯಿಂದ ಬಜ್ಜಿಯ ವಾಸನೆ ಹೋಗಿ ಏನೋ ಹುಳಿಹುಳಿ ವಾಸನೆ ಬರತೊಡಗಿತ್ತು. ಮಳೆಗಾಲವಲ್ಲವೇ, ಎಲ್ಲವೂ ಹಾಗೇ ನಾರುತ್ತದೆ ಎಂದು ದಾಕ್ಷಾಯಣಿ ಕಿಟಕಿ ತೆರೆಸಿದಳು. ಅವಳು ಅನುಮಾನಿಸದೆ ಬಿಟ್ಟದ್ದು ಒಂದನ್ನೇ, ಶಾಲು ತಂದುಕೊಟ್ಟ ತನ್ನ ವಿಚಾರವನ್ನು.

ಬಸ್ಸುಗಳ ಪಾಡು ನೋಡಬೇಕಿತ್ತು. ಅರೆಬೆಂದ ಇಂಧನ ಕುಡಿದು ಅವು ಏರು ಬಂದರೆ ನಿಲ್ಲುತ್ತಿದ್ದವು. ಡ್ರೈವರ್ ಇಮಾಮಸಾಬ ಕೆಳಗಿಳಿದು ಬಾಗಿಲು ತೆರೆದು ಹಿಡಿಯುತ್ತಿದ್ದ.

"ಗಂಡಸರು ಇಳೀರಿ, ದೂಡ್ರಿ. ಹೆಂಗಸರು ಕುಂಡ್ರರಿ."

"ಹೆಂಗಸರು ಯಾಕ ಕುಂಡ್ರಬೇಕೋ? ಟಿಕೆಟ್ ಎಲ್ಲಾರಿಗೂ ಒಂದ ಐತಿ."

"ಯಣ್ಣಾ, ಎಣ್ಣಿ ಕೊಟ್ಟವರು ಅವರು. ತಿಂದವ ನೀ. ದೂಡು."

ಜನ ದೂಡಿದರು. ನಗುತ್ತಲೇ ದೂಡಿದರು, ಆದರೆ ಮುಂಜಾನೆ ಕೆಲಸಕ್ಕೆ ಹೋಗುವವರು ನಗುತ್ತ ಎಷ್ಟು ದಿನ ದೂಡಿಯಾರು? ಕೆಲವರು ಸೈಕಲ್ ತೆಗೆದರು. ಬಸ್ಸು ಖಾಲಿ ಓಡತೊಡಗಿತು, ಓಡಿದಾಗ.

ಸುದ್ದಿ ಬೆಂಗಳೂರಿನ ನಿಗಮದ ಕಚೇರಿ ಮುಟ್ಟಿತು. ಅವರು ಫೋನು ಮಾಡಿ ಹೇಳಿದರು. ಗದಗಿನ ಎಣ್ಣೆ ಹುಳಗಳಿಗೆ ಒಗ್ಗುತ್ತಿಲ್ಲವೆಂದು ಕಾಣುತ್ತದೆ. ಕರಾವಳಿಯ ಒಂದು ಊರು ಹಂಡೆ ಬೇಕೆಂದು ಕೇಳುತ್ತಿದೆ, ಅಲ್ಲಿ ಮೀನು ಕರಿದ ಎಣ್ಣೆ ಬೇಕಾದಷ್ಟಿದೆ. ಹಂಡೆಯನ್ನು ಅಲ್ಲಿಗೆ ಒಯ್ಯಲು ಬರುತ್ತೇವೆ. ಹಂಡೆಯ ಜೊತೆ ಮುಖ್ಯಸ್ಥೆಯೂ ಹೊರಡಬೇಕು.

ದಾಕ್ಷಾಯಣಿ ಮನೆಗೆ ಬಂದು ಈ ಮಾತು ಹೇಳಿದಾಗ ಅವಳ ಗಂಡ ಚಂಬಣ್ಣ ಊಟಕ್ಕೆ ಕುಳಿತಿದ್ದ. ಗದಗಿನಲ್ಲಿ ಅವನದೊಂದು ಅಚ್ಚುಕೂಟ. ಅಪ್ಪ ಬಿಟ್ಟುಹೋದ ಯಂತ್ರ, ಅಪ್ಪನ ಕಾಲದ ಗಿರಾಕಿಗಳು. ಅದನ್ನು ಹೊತ್ತುಕೊಂಡು ಸಮುದ್ರದ ದಂಡೆಗೆ ಹೋಗುವಂತಿರಲಿಲ್ಲ.

"ಹಂಡೆ ಹೋದ್ರ ಹೋಗಲಿ," ಎಂದ. "ನೀ ಇರು."

"ಇದ್ದು ಏನ್ ಮಾಡ್ಲಿ? ನಾ ಓದಿದ್ದು ಆ ಹುಳದ್ದು. ಅವು ಇಲ್ಲಂದ್ರ ನಿಮ್ಮ ಪ್ರೆಸ್ಸಿನ್ಯಾಗ ಲಗ್ನಪತ್ರಿಕೆ ಮಡಚಲಾ?"

"ಹಂಗಾದ್ರ ಹೋಗು."

"ಹೋಗಂತೀರಿ? ಅಷ್ಟ ಸಲೀಸಾತೇನು ನಿಮಗ?"

ಚಂಬಣ್ಣ ಯಾವ ಉತ್ತರ ಕೊಟ್ಟರೂ ತಪ್ಪಾಗುವ ಜಾಗದಲ್ಲಿ ಕುಳಿತಿದ್ದ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ಅದನ್ನೇ ಬಹಳ ಹೊತ್ತು ಅಗಿದ.

ಅತ್ತೆ ನೀಲಗಂಗವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಸೊಸೆಗೂ ಅವಳಿಗೂ ದಿನಕ್ಕೊಂದು ಜಗಳ ಇದ್ದೇ ಇರುತ್ತಿತ್ತು. ಪಲ್ಯಕ್ಕೆ ಉಪ್ಪು, ಕಟ್ಟೆಯ ಮೇಲೆ ಒದ್ದೆ ಟವೆಲು, ಏನಾದರೊಂದು. ಆ ದಿನ ಮಾತ್ರ ಅವಳು ಜಗಳ ತೆಗೆಯಲಿಲ್ಲ. ದಾಕ್ಷಾಯಣಿಗೆ ಅದರಿಂದಲೇ ಹೆಚ್ಚು ದಿಗಿಲಾಯಿತು.

"ಅತ್ತೀ, ಏನರ ಅನ್ರಿ."

"ಏನನ್ಲಿ? ಹೆಣ್ಮಗಳು ಕೆಲಸ ಬಿಡಬಾರದು. ಸೊಸಿ ಮನಿ ಬಿಡಬಾರದು. ಎರಡೂ ನಾನ ಹೇಳಿದ್ದು. ಈಗ ಯಾವದನ್ನ ತಿರುಗಿ ತಗೊಳ್ಳಿ?" ಎಂದು ಹಂಚಿನ ಮೇಲಿನ ರೊಟ್ಟಿಯನ್ನು ಬಲವಾಗಿ ತಿರುವಿದಳು. "ಯಾವಾಗ ಬರತಾರಂತ?"

"ಸೋಮವಾರ."

"ಬರಲಿ."

ಸೋಮವಾರ ನಿಗಮದ ಅಧಿಕಾರಿ ಜಯಸಿಂಹ ಬಂದರು. ಹಿಂದೆ ಒಂದು ಉದ್ದನೆಯ ಲಾರಿ, ಅದರ ಹಿಂದೆ ಒಂದು ಕ್ರೇನು. ಜಯಸಿಂಹ ಮೃದು ಮಾತಿನ, ಹೊಟ್ಟೆಹುಳಿಯಿಂದ ಬಳಲುವ ಮನುಷ್ಯ. ಚೀಲದಲ್ಲಿ ಗುಳಿಗೆ ಇಟ್ಟುಕೊಂಡೇ ತಿರುಗುವವರು. ಕಾರಿನಿಂದ ಇಳಿದವರೇ ದಾಕ್ಷಾಯಣಿಗೆ ಕೈಮುಗಿದರು.

"ಮೇಡಂ, ನಂಗೂ ಬೇಜಾರೇ. ಆದ್ರೆ ಮೇಲಿಂದ ಹೇಳಿದಾರೆ. ಹಂಡೆ ಖಾಲಿ ಮಾಡಿಸ್ಬಿಡಿ, ತುಂಬಿರೋದನ್ನ ಕ್ರೇನು ಎತ್ತಲ್ಲ. ತಳದಲ್ಲಿ ಸ್ವಲ್ಪ ಹೆಪ್ಪು ಬಿಟ್ಟಿರಿ, ಹುಳ ಸಾಯಬಾರದು."

ಗುದ್ನೆಪ್ಪ ಕಣ್ಣೊರೆಸಿಕೊಳ್ಳುತ್ತ ಕೆಳಗಿನ ನಳ ತಿರುವಿದ. ಕೆಲಸಕ್ಕೆ ಬಾರದ ಹುಳಿ ನಾತದ ಎಣ್ಣೆ ಅಷ್ಟೂ ಪೀಪಾಯಿಗಳಿಗೆ ಇಳಿಯಿತು. ತಳದಲ್ಲಿ ಒಂದಿಷ್ಟು ಹೆಪ್ಪು ಉಳಿಯಿತು. ಹಂಡೆಯ ಮೈಯನ್ನು ಬೆರಳಿಂದ ಬಡಿದರೆ ಈಗ ಟಣ್ ಎನ್ನುತ್ತಿತ್ತು.

ಕ್ರೇನಿನವನು ಕಬ್ಬಿಣದ ಹಗ್ಗ ಇಳಿಬಿಡುವ ಹೊತ್ತಿಗೆ ಗಿರಣಿಯ ಬಾಗಿಲಲ್ಲಿ ಗಲಾಟೆಯಾಯಿತು. ನೀಲಗಂಗವ್ವ ಮುಂದೆ, ಅವಳ ಹಿಂದೆ ಓಣಿ ಓಣಿಯ ಹೆಂಗಸರು. ಕೈಯಲ್ಲಿ ತಪೇಲಿ, ಬೋಗುಣಿ, ಕೊಡ. ಅವುಗಳ ತುಂಬ, ಸೋಸಿ ಕಾಸಿ ಆರಿಸಿದ ಕರಿದ ಎಣ್ಣೆ. ಹಿಂದಿನ ದಿನವಿಡೀ ಊರಲ್ಲಿ ಕರಿಯದ ಮನೆಯಿರಲಿಲ್ಲ. ಬಜ್ಜಿ ತಿಂದು ತಿಂದು ಗಂಡಸರು ಮನೆಯಲ್ಲಿ ಅಂಗಾತ ಬಿದ್ದಿದ್ದರು.

ಜಯಸಿಂಹ ಗಾಬರಿಯಾದರು. "ಏನಮ್ಮಾ, ಧರಣಿನಾ?"

"ಧರಣಿ ಯಾಕ್ರೀ ಸಾಹೇಬ್ರ? ನಿಮ್ಮ ಹಂಡೆ, ನೀವು ಒಯ್ಯಿರಿ. ಬ್ಯಾಡಂದವರು ಯಾರು?" ಎಂದಳು ನೀಲಗಂಗವ್ವ. "ಆದ್ರ ಮಂದಿ ಪಾತ್ರಿ ಖಾಲಿ ಕಳಸೂ ಪದ್ಧತಿ ನಮ್ಮ ಕಡೆ ಇಲ್ಲ. ಒಂದ್ ಬಟ್ಟಲ ಮಜ್ಜಿಗಿ ಇಸ್ಕೊಂಡ್ರ ಬಟ್ಟಲದಾಗ ಏನರ ಹಾಕಿ ತಿರುಗಿ ಕೊಡತೀವಿ. ಇದು ಇಷ್ಟ ದಿನ ಊರಿಗೆಲ್ಲಾ ದುಡದ ಹಂಡೆ. ಇದನ್ನ ಬರೇ ಹೊಟ್ಟಿಲೆ ಕಳಸೂನೇನು?"

ಜಯಸಿಂಹ ತಡೆಯುವ ಮೊದಲೇ ಹೆಂಗಸರು ಸಾಲು ಹಚ್ಚಿ ಏಣಿಯ ಮೇಲೆ ನಿಂತು ಕೈಯಿಂದ ಕೈಗೆ ಪಾತ್ರೆ ದಾಟಿಸತೊಡಗಿದರು. ಕೆಲವರು ಸೆರಗಿನಿಂದ ಕಣ್ಣೊರೆಸಿಕೊಂಡರು, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ. ಹಂಡೆಯ ಹೊಟ್ಟೆ ಟಣ್ ಎನ್ನುವುದನ್ನು ನಿಲ್ಲಿಸಿತು.

ಕ್ರೇನಿನವನು ಹಗ್ಗ ಮೇಲೆಳೆದುಕೊಂಡ. "ಸಾರ್, ಇದು ಎತ್ತಾಕಾಗಲ್ಲ."

"ಅಮ್ಮಾ, ತುಂಬಿದ್ರೆ ಎತ್ತೋಕಾಗಲ್ಲ!"

"ಖಾಲಿ ಇದ್ರ ಕಳಸಾಕ ಆಗೂದಿಲ್ರೀ," ಎಂದಳು ನೀಲಗಂಗವ್ವ, ಬಹಳ ವಿನಯದಿಂದ. ಅವಳಿಗೆ ಕ್ರೇನಿನ ತೂಕದ ವಿಚಾರ ಮೊದಲೇ ಗೊತ್ತಿತ್ತೋ ಇಲ್ಲವೋ, ಅದನ್ನು ಕೇಳುವ ಧೈರ್ಯ ಇವತ್ತಿನವರೆಗೆ ಅವಳ ಮಗನಿಗೂ ಆಗಿಲ್ಲ.

ಜಯಸಿಂಹ ಚೀಲದಿಂದ ಒಂದು ಗುಳಿಗೆ ತೆಗೆದು ನುಂಗಿದರು. ನಳ ತಿರುವಲು ಗುದ್ನೆಪ್ಪನಿಗೆ ಹೇಳಿದರು. ಗುದ್ನೆಪ್ಪ ನಳದ ಹತ್ತಿರ ಹೋಗಿ, ಅದು ಬಿಗಿಯಾಗಿದೆ ಎಂದ.

ದಾಕ್ಷಾಯಣಿ ಇದೆಲ್ಲವನ್ನೂ ಏಣಿಯ ಮೇಲ್ತುದಿಯಲ್ಲಿ, ಹಂಡೆಯ ಬಾಯಿಯ ಹತ್ತಿರ ನಿಂತು ನೋಡುತ್ತಿದ್ದಳು. ಎಣ್ಣೆ ಬಿಸಿಯಾಗಿದ್ದರೆ ಹುಳ ಸಾಯುತ್ತವೆ ಎಂದು ಪ್ರತಿ ಪಾತ್ರೆಗೂ ಬೆರಳು ಅದ್ದಿ ನೋಡಿ ಬಿಡುತ್ತಿದ್ದಳು. ಹೋಗುವ ಹಂಡೆಯಾದರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಕೊನೆಗೆ ಬಂದವಳು ರಾಚವ್ವಜ್ಜಿ, ಓಣಿಗೆಲ್ಲ ಹಿರಿಯಳು. ಅವಳ ಕೈಯಲ್ಲಿ ಪಾತ್ರೆಯಿರಲಿಲ್ಲ. ಮುಷ್ಟಿ ಮಾತ್ರ ಬಿಗಿಯಾಗಿತ್ತು.

"ಅಜ್ಜೀ, ನೀ ಯಾಕ ಹತ್ತಿದಿ? ಮುಷ್ಟ್ಯಾಗ ಏನೈತಿ?"

"ಏನಿಲ್ಲವ್ವಾ, ಒಂಚೂರು ಬೆಲ್ಲ."

"ಬೆಲ್ಲ ಯಾಕ?"

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕಂದ್ರ? ಸಿಹಿ ಹಾಕಲಾರದ ಪಾತ್ರಿ ಕಳಸ್ತಾರೇನು?"

"ಎಣ್ಣಿ ತುಂಬ್ಯಾರಲ್ಲ ಅಜ್ಜೀ, ಖಾಲಿ ಎಲ್ಲೈತಿ?"

"ಎಣ್ಣಿ ಅದರ ಊಟ. ಬೆಲ್ಲ ನಮ್ಮ ಮರ್ಯಾದಿ."

ದಾಕ್ಷಾಯಣಿಯ ಕೈ ತಾನಾಗಿಯೇ ಅಜ್ಜಿಯ ಮುಷ್ಟಿಯನ್ನು ಹಿಡಿದುಕೊಂಡಿತು.

"ಅಜ್ಜೀ, ನೀಲಿ ಡಬ್ಬಿ ಕೊಡೂಮುಂದ..."

"ಹಾಕತೀನಿ. ನಮ್ಮ ತಪೇಲಿಂದ ಸುರೀತಿದ್ವಿ, ತಪೇಲಿ ಒಳಗ ತರ್ತಿದ್ವಿ, ಆವಾಗ ಹಾಕ್ತಿರಲಿಲ್ಲ. ಡಬ್ಬಿ ನಿಮ್ಮದು. ಮಂದಿ ಪಾತ್ರಿ ನಮ್ಮ ಹೊಚ್ಚಲಾ ದಾಟತೈತಿ. ಚೂರು ಬೆಲ್ಲ, ಇಲ್ಲಾ ಒಂದ್ ಚಿಟಿಕಿ ಸಕ್ಕರಿ. ನಿಮ್ಮ ನಿಗಮದವರು ಮಾತ್ರ ಬರೇ ಡಬ್ಬಿ ಕೊಡತೀರಿ. ಸರ್ಕಾರಕ್ಕ ಹಿರ್ಯಾರಿಲ್ಲ, ಪದ್ಧತಿ ಹೇಳಿಕೊಡವರು ಯಾರು ಅಂತ ಬಿಟ್ಟೀವಿ."

ದಾಕ್ಷಾಯಣಿ ಕೆಳಗೆ ಬಗ್ಗಿ ನೋಡಿದಳು. "ಎಲ್ಲಾರೂ ಹಾಕತೀರೇನು?"

ಕೆಳಗಿನ ತಲೆಗಳೆಲ್ಲ ಒಟ್ಟಿಗೆ ಅಲ್ಲಾಡಿದವು. ಇದೇನು ಕೇಳುವ ಮಾತೇ ಎನ್ನುವ ಹಾಗೆ.

"ಅತ್ತೀ, ನೀವೂನಾ?"

"ನಾ ಎಲ್ಲಿ ಹಾಕಲಿ?" ಎಂದಳು ನೀಲಗಂಗವ್ವ. ದಾಕ್ಷಾಯಣಿ ಉಸಿರು ಬಿಡುವುದರೊಳಗೆ ಮಾತು ಮುಂದುವರಿಯಿತು. "ನಮ್ಮನಿ ಡಬ್ಬಿಗಿ ಹಾಕಾಕಿ ನೀನ."

ಆಗ ದಾಕ್ಷಾಯಣಿಗೆ ತನ್ನ ಕೈಯೇ ಕಣ್ಣಿಗೆ ಕಟ್ಟಿತು. ಅಡುಗೆಮನೆಯ ಕಟ್ಟೆ. ನೀಲಿ ಡಬ್ಬಿ. ಹಂಡೆಗೆ ಏನಾಗಿರಬಹುದು, ಹುಳಕ್ಕೆ ಏನು ರೋಗ ಬಂದಿರಬಹುದು ಎಂದು ತಲೆ ಕೆಡಿಸಿಕೊಂಡು ನಿಂತಿರುವ ತಾನು. ಆ ಯೋಚನೆಯಲ್ಲಿಯೇ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಿಟಿಕೆ ತೆಗೆದು, ಎಣ್ಣೆಗೆ ಉದುರಿಸಿ, ಮುಚ್ಚಳ ಹಾಕುವ ತನ್ನ ಬೆರಳು. ಸೆರಗು ಸರಿಮಾಡಿಕೊಳ್ಳುವುದು ಯಾರಿಗೆ ನೆನಪಿರುತ್ತದೆ? ಹಾಗೆಯೇ ಇದೂ.

ಅವಳು ಹಂಡೆಯ ಬಾಯಿಯ ಮೇಲೆ ಕೌದಿ ಎಳೆದು ಅದರ ಅಂಚಿಗೆ ಕುಳಿತುಬಿಟ್ಟಳು. "ಯಾರೂ ಒಂದು ಹರಳು ಸಕ್ಕರಿ ಹಾಕಬ್ಯಾಡ್ರಿ! ಅಜ್ಜೀ, ನೀ ಬೆಲ್ಲ ನನ್ನ ಬಾಯಾಗ ಹಾಕು!"

ಅಜ್ಜಿ ಹಾಕಿದಳು. ಕೆಳಗೆ ನಿಂತ ಜಯಸಿಂಹ ಇನ್ನೊಂದು ಗುಳಿಗೆಗಾಗಿ ಚೀಲ ತಡಕಾಡಿದರು.

ದಾಕ್ಷಾಯಣಿ ಬೆಲ್ಲ ಚೀಪುತ್ತಲೇ ಕೆಳಗಿಳಿದು ಬಂದು ಅವರಿಗೆ ವಿವರಿಸಿದಳು. ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ, ಡಬ್ಬಿಯ ತಳಕ್ಕೆ ಹೋಗಿ ಕೂರುತ್ತದೆ. ಅವಳು ಪರೀಕ್ಷೆಗೆ ಎಣ್ಣೆ ತೆಗೆದದ್ದು ಮೇಲಿನಿಂದ. ಆದರೆ ಡಬ್ಬಿಯನ್ನು ಬಿಸಿನೀರಿನಿಂದ ಗಲಬರಿಸಿದಾಗ ಅಷ್ಟೂ ಕರಗಿ ಹಂಡೆಗೆ ಹೋಗುತ್ತದೆ. ಒಂದು ಮನೆಯದು ಚಿಟಿಕೆ, ಊರಿನದೆಲ್ಲ ಸೇರಿದರೆ ಮೂಟೆ.

"ಆದ್ರೂ ಮೇಡಂ, ಸಕ್ಕರೆ ತಿಂದ್ರೆ ಎಣ್ಣೆ ಬಿಡಬೇಕು ಅಂತೇನಿದೆ? ಎರಡೂ ತಿನ್ನಬಹುದಲ್ಲ?"

"ಸರ್, ಮದುವಿ ಮನ್ಯಾಗ ಹುಡುಗರ ಮುಂದ ಜಿಲೇಬಿನೂ ಇಟ್ಟು ಜ್ವಾಳದ ರೊಟ್ಟಿನೂ ಇಟ್ರ ಯಾವದು ತಿಂತಾವು? ಎಣ್ಣಿ ಮುರಿಯೂದು ಕಷ್ಟದ ಕೆಲಸ. ಸಕ್ಕರಿ ಹಂಗಲ್ಲ, ಸೀದಾ ನುಂಗೂದು. ಸಕ್ಕರಿ ಮುಗಿಯೂತನಾ ಈ ಹುಳ ಎಣ್ಣಿ ಕಡೆ ಹೊಳ್ಳಿ ನೋಡೂದಿಲ್ಲ. ಮುಗಿಯೂದರಾಗ ನಾವು ಮತ್ತ ಡಬ್ಬಿ ಸುರೀತಿದ್ವಿ. ಈಗ ನೀವು ಹಳೇದೆಲ್ಲಾ ಖಾಲಿ ಮಾಡಿಸೀರಿ. ಇವರು ಬರೇ ಎಣ್ಣಿ ಹಾಕ್ಯಾರ. ಸಂಜೀತನಾ ತಡೀರಿ ಸರ್. ಹುಳ ಏಳಲಿಲ್ಲಂದ್ರ ನಳಾ ನಾನ ತಿರುವತೀನಿ."

ಜಯಸಿಂಹ ಕ್ರೇನಿನ ಕಡೆ ನೋಡಿದರು. ಅದರ ಚಾಲಕ ಆಗಲೇ ನೆರಳಿನಲ್ಲಿ ಮಲಗಿದ್ದ. ಹೆಂಗಸರ ಕಡೆ ನೋಡಿದರು. ಅವರು ಸೆರಗು ಹಾಸಿಕೊಂಡು ಕುಳಿತಿದ್ದರು. ಬೇರೆ ದಾರಿಯಿರಲಿಲ್ಲ. ಅವರೂ ಒಂದು ಪೀಪಾಯಿಯ ಮೇಲೆ ಕುಳಿತರು.

ಕುಳಿತವರನ್ನು ಗದಗಿನವರು ಸುಮ್ಮನೆ ಬಿಡುವುದುಂಟೆ? ಮಧ್ಯಾಹ್ನದ ಹೊತ್ತಿಗೆ ಅವರ ಮುಂದೆ ಬದನೆಕಾಯಿ ಬಜ್ಜಿಯ ತಾಟು ಬಂತು.

"ನಂಗೆ ಎಣ್ಣೆ ಆಗಲ್ಲಮ್ಮ, ಹೊಟ್ಟೆಹುಳಿ."

"ಒಂದ ತಿನ್ರಿ. ಎಣ್ಣಿ ಹಂಡೇದಾಗ ಉಳದೈತಿ, ಬಜ್ಜ್ಯಾಗ ಇಲ್ಲ," ಎಂದಳು ನೀಲಗಂಗವ್ವ. ಇದು ಯಾವ ಶಾಸ್ತ್ರಕ್ಕೂ ಒಪ್ಪುವ ಮಾತಲ್ಲ. ಜಯಸಿಂಹ ಒಂದು ತಿಂದರು. ಆಮೇಲೆ ತಾಟು ಖಾಲಿಯಾದದ್ದು ಎಲ್ಲರಿಗೂ ಕಂಡಿತು.

ದಾಕ್ಷಾಯಣಿ ಹಂಡೆಯ ಬುಡದಲ್ಲಿ ಕುಳಿತಿದ್ದಳು. ತಯಾರಾದ ಇಂಧನದ ಅಳತೆ ತೋರಿಸುವ ಮುಳ್ಳನ್ನು ನೋಡಬಾರದು ಎಂದುಕೊಂಡು ಅದನ್ನೇ ನೋಡುತ್ತಿದ್ದಳು. ಮುಳ್ಳು ಅಲುಗಲಿಲ್ಲ. ಬಿಸಿಲು ಗಿರಣಿಯ ಗೋಡೆಯಿಂದ ಅಂಗಳಕ್ಕೆ, ಅಂಗಳದಿಂದ ಲಾರಿಯ ಮೇಲಕ್ಕೆ ಸರಿಯಿತು. ಚಂಬಣ್ಣ ಅಚ್ಚುಕೂಟ ಮುಚ್ಚಿ ಬಂದು ಅವಳ ಪಕ್ಕದಲ್ಲಿ ಕುಳಿತ. ಅವನ ಬೆರಳಿಗೆಲ್ಲ ಮಸಿ ಮೆತ್ತಿತ್ತು.

"ನಿಮ್ಮ ಗಿರಾಕಿಗಳು?"

"ಲಗ್ನ ನಾಳಿಲ್ಲ, ಬಿಡು."

ಗುದ್ನೆಪ್ಪ ಕಿವಿ ಹಚ್ಚಿ ನಿಂತೇ ಇದ್ದ. ಒಂದು ಕಿವಿ ಸೋತರೆ ಇನ್ನೊಂದು. ಅವನು ತಟ್ಟನೆ ಕೈಯೆತ್ತಿದ. ಎಲ್ಲರೂ ಸುಮ್ಮನಾದರು. ಎಲ್ಲೋ ಆಳದಲ್ಲಿ, ಹಸಿದ ಹೊಟ್ಟೆಯಲ್ಲಿ ಆಗುವ ಹಾಗೆ, ಒಂದು ಸಣ್ಣ ಗುಳುಕ್. ಸ್ವಲ್ಪ ಹೊತ್ತಿಗೆ ಇನ್ನೊಂದು.

"ಎದ್ದಾರ್ರೀ ಮೇಡಂ," ಎಂದ ಗುದ್ನೆಪ್ಪ ಪಿಸುಮಾತಿನಲ್ಲಿ, ಎದ್ದವರು ಎಲ್ಲಿ ಮತ್ತೆ ಮಲಗುತ್ತಾರೋ ಎಂಬಂತೆ. "ಒಬ್ಬೊಬ್ಬರ ಏಳಾಕತ್ಯಾರ."

ಹೊತ್ತು ಇಳಿಯುವಾಗ ಗುಡುಗುಡು ಅಂಗಳಕ್ಕೆಲ್ಲ ಕೇಳುತ್ತಿತ್ತು. ಮುಳ್ಳು ಎಂದೂ ಮುಟ್ಟದ ಗುರುತನ್ನು ದಾಟಿತು, ಯಾಕೆಂದರೆ ಸಕ್ಕರೆ ತಿಂದು ಸಂಖ್ಯೆ ಹೆಚ್ಚಿಸಿಕೊಂಡಿದ್ದ ಹುಳಗಳೆಲ್ಲ ಹೆಪ್ಪಿನಲ್ಲಿ ಹಾಗೇ ಇದ್ದವು, ಈಗ ಅಷ್ಟೂ ಒಮ್ಮೆಗೇ ಕೆಲಸಕ್ಕೆ ಇಳಿದಿದ್ದವು. ಬಿಗಿಯಾಗಿದ್ದ ನಳ ಗುದ್ನೆಪ್ಪನ ಕೈಗೆ ಬೆಣ್ಣೆಯ ಹಾಗೆ ತಿರುಗಿತು. ತಿಳಿ ಹಳದಿಯ ಇಂಧನ ಬಂತು. ಇಮಾಮಸಾಬ ಅದನ್ನು ಬಸ್ಸಿಗೆ ಹಾಕಿ, ಹೆಂಗಸರನ್ನೆಲ್ಲ ಹತ್ತಿಸಿಕೊಂಡು, ಸೇತುವೆ ಏರನ್ನು ನಿಲ್ಲದೆ ಏರಿ ಹಾರ್ನ್ ಹೊಡೆದ. ಊರಿಗೆಲ್ಲ ಕೇಳಿಸುವಷ್ಟು ಹೊತ್ತು ಹೊಡೆದ.

ಜಯಸಿಂಹ ಎದ್ದು ಪ್ಯಾಂಟು ಕೊಡವಿಕೊಂಡರು. "ಮೇಡಂ, ಬರೀ ಲಾರಿ ತಗೊಂಡು ಹೋಗ್ತೀನಿ. ಕಚೇರೀಲಿ ಕಾರಣ ಕೇಳ್ತಾರೆ. ಊರಿನವರು ಸಕ್ಕರೆ ಹಾಕಿದ್ರು ಅಂತ ಹೇಳ್ಲಾ?"

"ಊರಿನವರ ತಪ್ಪಿಲ್ಲ ಸರ್. ಅವರ ಬಾಗಲಕ್ಕ ಮಂದಿ ಪಾತ್ರಿ ಒಯ್ದಾಕಿ ನಾನು. ಡಬ್ಬಿ ವಿಚಾರ ನಂದು. ಹಂಗ ಹೇಳ್ರಿ. ಬೇಕಂದ್ರ ಶಾಲೂ ತಿರುಗಿ ಒಯ್ಯಿರಿ."

"ಶಾಲು ಬೇಡ," ಎಂದರು ಜಯಸಿಂಹ. ದನಿ ತಗ್ಗಿಸಿ, "ಆ ಬಜ್ಜಿ ಇನ್ನೂ ಇದ್ಯಾ?" ಎಂದರು.

ಮರುದಿನ ಬೆಳಿಗ್ಗೆ ದಾಕ್ಷಾಯಣಿ ತಾನೇ ಗುದ್ನೆಪ್ಪನ ಗಾಡಿಯ ಜೊತೆ ಹೊರಟಳು. ಹಳೆಯ ಪೀಪಾಯಿ ಮತ್ತೆ ಬಂದಿತ್ತು. ಅದರ ಬಾಯಿಗೆ ಈಗ ಒಂದು ಅಗಲವಾದ ಲಾಳಿಕೆ ಇತ್ತು, ರಸ್ತೆಗೆ ಚೆಲ್ಲದ ಹಾಗೆ. ನೀಲಿ ಡಬ್ಬಿಗಳನ್ನು ಮನೆಯವರಿಗೇ ಕೊಟ್ಟುಬಿಟ್ಟಳು. ಡಬ್ಬಿ ಇನ್ನು ನಿಮ್ಮದು, ಹೊಸ್ತಿಲು ದಾಟುವುದಿಲ್ಲ, ಬಾಗಿಲಲ್ಲಿ ಎಣ್ಣೆ ಸುರಿದರೆ ಸಾಕು ಎಂದಳು.

ಮೊದಲ ಮನೆಯವಳು ಎಣ್ಣೆ ಸುರಿದಳು. ನಿಂತಳು. ಒಳಗೆ ಹೋಗಲು ಮನಸ್ಸಾಗಲಿಲ್ಲ.

"ಹಂಗಾರ ಸಕ್ಕರಿ ಹಾಕೂದು ಬ್ಯಾಡೇನ್ರಿ ಅಕ್ಕಾರ?"

"ಬ್ಯಾಡ ತಂಗೀ. ಹುಳಕ್ಕ ಆಗೂದಿಲ್ಲ."

"ಹುಳಕ್ಕ ಆಗೂದಿಲ್ಲ, ಖರೆ." ಅವಳು ಓಡಿ ಒಳಗೆ ಹೋಗಿ ಮುಷ್ಟಿ ಬಿಗಿಹಿಡಿದು ಹೊರಗೆ ಬಂದಳು. "ಊರಿನ ಹಂಡೆ ಉಳಿಸೀರಿ, ನಮ್ಮ ಬಾಗಲಕ್ಕ ಬಂದೀರಿ. ಬಾಯಿ ತೆರೀರಿ."

ಬಾಯಿ ತೆರೆಯದೆ ವಿಧಿಯಿರಲಿಲ್ಲ. ಎರಡನೆಯ ಮನೆಯವಳು ಇದನ್ನು ನೋಡಿದ್ದಳು. ಮೂರನೆಯವಳು ಬೆಲ್ಲ ಹಿಡಿದೇ ಬಾಗಿಲಲ್ಲಿ ಕಾಯುತ್ತಿದ್ದಳು. ಒಂದು ಮನೆಯಲ್ಲಿ ತಿಂದು ಇನ್ನೊಂದು ಮನೆಯಲ್ಲಿ ಬೇಡವೆಂದರೆ ಅದರ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಬೆಟಗೇರಿಯ ಸೊಸೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗುದ್ನೆಪ್ಪ ಮಾತ್ರ ತನಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊದಲ ಮನೆಯಲ್ಲೇ ಹೇಳಿ ಪಾರಾದ. ಅವನಿಗೆ ಆ ಕಾಯಿಲೆ ಇರುವುದು ಅವನ ಹೆಂಡತಿಗೂ ಗೊತ್ತಿರಲಿಲ್ಲ.

ದಾಕ್ಷಾಯಣಿ ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ನೀಲಗಂಗವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ ಬಡಿಸಿದ ತಾಟನ್ನು ಮುಂದಿಟ್ಟಳು. ದಾಕ್ಷಾಯಣಿ ಅದನ್ನು ನೋಡಿದಳು, ಮುಖ ಹೊರಳಿಸಿದಳು.

"ಬ್ಯಾಡ್ರಿ ಅತ್ತೀ. ಹೊಟ್ಟಿ ತುಂಬೇತಿ." ಹೀಗೆಂದು ಚಾಪೆ ಎಳೆದುಕೊಂಡು ಮಲಗಿಯೇಬಿಟ್ಟಳು.

ಊಟಕ್ಕೆ ಬಂದ ಚಂಬಣ್ಣನಿಗೆ ಗಾಬರಿಯಾಯಿತು. "ಯವ್ವಾ, ಆಕಿಗೆ ಆರಾಮಿಲ್ಲೇನು? ಡಾಕ್ಟರನ್ನ ಕರೀಲೇನು?"

ನೀಲಗಂಗವ್ವ ಸೊಸೆಯ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ಒಲೆಯ ಪಕ್ಕಕ್ಕೆ ಸರಿಸಿದಳು.

"ಡಾಕ್ಟರ್ ಯಾಕ? ಸಕ್ಕರಿ ಕರಗಲಿ, ತಾನ ಎದ್ದು ಉಣ್ಣತಾಳ. ನೀ ಎಬ್ಬಿಸಬ್ಯಾಡ."